ಟಾರ್ಪಾಲು ಇಲ್ಲದ ಕಾಫಿ ಕಣಕ್ಕೆ ಪ್ರಥಮ ಬಹುಮಾನ

ಮಾನ್ಯ ಶಿಕ್ಷಣಾಧಿಕಾರಿಗಳೇ,

ಕಳೆದ ತಿಂಗಳ ಮಕ್ಕಳ ವಸ್ತುಪ್ರದರ್ಶನದಲ್ಲಿ ತಾವು ನನಗೆ ಪ್ರಥಮ ಬಹುಮಾನ ಕೊಟ್ಟಿರಿ. ಪ್ರಮಾಣಪತ್ರದಲ್ಲಿ ಮಾತ್ರ ಮೂರನೇ ತರಗತಿಯ ನನ್ನ ಮಗಳು ಧನ್ಯಶ್ರೀಯ ಹೆಸರಿದೆ. ಅದನ್ನು ತಿದ್ದಿಕೊಳ್ಳಬೇಕಾಗಿ ವಿನಂತಿ. ಕಾಫಿ ಒಣಗಿಸುವ ಕಣದ ಆ ಮಾಡೆಲ್ಲಿಗೆ ಥರ್ಮಾಕೋಲ್ ಕತ್ತರಿಸಿದ್ದು ನಾನು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿಗೆ ಪುಟ್ಟ ಮೋಟಾರು ಕೂರಿಸಿದ್ದು ನಾನು, ಮೂಡಿಗೆರೆಯಿಂದ ಬಣ್ಣ ತರಿಸಿ ಬಳಿದವಳು ನನ್ನ ಹೆಂಡತಿ ಸುಕನ್ಯಾ. ಮಗಳು ಅದನ್ನು ಜೀಪಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಳು. ಅಷ್ಟು ಅವಳ ಪಾಲು.

ಅವಳೂ ಒಂದು ಕಣ ಮಾಡಿದ್ದಳು. ರಟ್ಟಿನ ಮೇಲೆ ಮಣ್ಣು ಮೆತ್ತಿ, ಕಾಫಿ ಬೀಜ ಹರಡಿ, ಮೂಲೆಯಲ್ಲಿ ನೀಲಿ ಪ್ಲಾಸ್ಟಿಕ್ಕಿನ ಚೂರೊಂದನ್ನು ಸುರುಳಿ ಸುತ್ತಿಟ್ಟಿದ್ದಳು. ಮಣ್ಣು ಬಿರುಕು ಬಿಟ್ಟು ಕಣ ಒಂದು ಕಡೆ ವಾಲಿತ್ತು. ತೋಟದ ಆಳು, ಲೆಕ್ಕ ನೋಡಿಕೊಳ್ಳುವ ಎಸ್ಟೇಟ್ ರೈಟರ್ ಮಗಳು ಇದನ್ನು ಹೊತ್ತುಕೊಂಡು ಹೋದರೆ ಮಾನ ಉಳಿಯುತ್ತದೆಯೇ ಎಂದು ನಾನೇ ಗೊಬ್ಬರದ ಗುಂಡಿಗೆ ಎಸೆದೆ. ಹೋಗುತ್ತಿದ್ದುದು ಯಾರ ಮಾನ ಎಂಬುದು ಆಗಲೂ ನನಗೆ ಗೊತ್ತಿತ್ತು. ಬರೆಯಲು ನಾಚಿಕೆಯಾಗುತ್ತದೆ.

ಪ್ರದರ್ಶನದ ದಿನ ತಾವು ಮೇಜಿನ ಮುಂದೆ ಬಗ್ಗಿ, ಒಣಗಲು ಹಾಕಿದ ಕಾಫಿಗೆ ಮಳೆ ಬಂದರೆ ಏನು ಮಾಡುತ್ತೀ ಎಂದು ಅವಳನ್ನು ಕೇಳಿದಿರಿ. ಕೊಯ್ಲಿನ ಕಾಲದಲ್ಲಿ ಒಂದು ಮೋಡ ಕಂಡರೆ ಸಾಕು, ಟಾರ್ಪಾಲು ಎಳೆಯಿರಿ ಎಂದು ಇಡೀ ಎಸ್ಟೇಟಿಗೆ ಕೇಳುವಂತೆ ಕೂಗುವವನು ನಾನು. ನನ್ನ ಕಣದಲ್ಲಿ ಮೋಟಾರಿತ್ತು, ದೀಪವಿತ್ತು, ಟಾರ್ಪಾಲೇ ಇರಲಿಲ್ಲ.

"ನಾನ್ ಮಾಡಿದ್ರಲ್ಲಿ ಟಾರ್ಪಾಲ್ ಇತ್ತು ಸಾರ್. ಇದು ಅಪ್ಪಂದು" ಎಂದಳು ಧನ್ಯಶ್ರೀ.

ತಾವು ನಕ್ಕಿರಿ. ಸುತ್ತಲಿದ್ದ ಅಪ್ಪ ಅಮ್ಮಂದಿರೂ ನಕ್ಕರು. ಅವರ ಬೆರಳಲ್ಲೂ ಗೋಂದು ಒಣಗಿತ್ತಲ್ಲ! ಎಂಟು ವರ್ಷದ ಮಗು ಇದ್ದದ್ದನ್ನು ಇದ್ದ ಹಾಗೆ ಹೇಳಿದ ಮೇಲೂ ಬಹುಮಾನ ನನ್ನ ಮೋಟಾರಿಗೇ ಬಂತು. ತಮಗೆ ಅವಳ ಮಾತು ಕೇಳಿಸಲಿಲ್ಲವೇ? ಕೇಳಿಸಿದ್ದರೆ, ಇಂಥ ಪ್ರದರ್ಶನ ಯಾರ ಕಲಿಕೆಗಾಗಿ ಸ್ವಾಮಿ? ತಮ್ಮನ್ನಷ್ಟೇ ದೂರಲಾರೆ. ಬೇಡ ಎನ್ನಲು ನನಗೂ ಬಾಯಿತ್ತು. ನಾನು ಚಪ್ಪಾಳೆ ತಟ್ಟಿ, ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿಕೊಂಡೆ.

ಮೊನ್ನೆ ಶಾಲೆಯಲ್ಲಿ ಹಕ್ಕಿಗೂಡು ಮಾಡಿ ತರಲು ಹೇಳಿದ್ದಾರೆ. ಧನ್ಯಶ್ರೀ ರಟ್ಟು, ಕತ್ತರಿ ತಂದು ನನ್ನ ಮುಂದಿಟ್ಟಳು. ಈ ಸಲ ನೀನೇ ಮಾಡು ಪುಟ್ಟಿ ಎಂದೆ.

"ನೀನೇ ಮಾಡು ಅಪ್ಪ. ನಂದು ಚೆನ್ನಾಗಿರಲ್ಲ" ಎಂದು ಆಡಲು ಹೋದಳು.

ಆದ್ದರಿಂದ ಈ ಬಹುಮಾನವನ್ನು ಹಿಂದಕ್ಕೆ ಪಡೆಯಿರಿ. ಫಲಕವನ್ನು ತಮ್ಮ ಕಚೇರಿಗೆ ಕಳುಹಿಸಿದ್ದೇನೆ. ಮುಂದಿನ ವರ್ಷ ಮಕ್ಕಳು ಶಾಲೆಯಲ್ಲೇ ಕೂತು ಮಾಡಲಿ, ನಮ್ಮನ್ನು ಗೇಟಿನ ಹೊರಗೆ ನಿಲ್ಲಿಸಿ. ಒಳಗೆ ಬಿಟ್ಟರೆ ನಾವು ಕೈಕಟ್ಟಿ ಕೂರುವವರಲ್ಲ. ಹಾಗೆಯೇ, ಒಮ್ಮೆ ಬಂದು ಅವಳ ಕಣವೇ ಸರಿಯಾಗಿತ್ತು ಎಂದು ಅವಳಿಗೆ ಹೇಳಿ. ನಾನು ಹೇಳಿ ನೋಡಿದೆ. ಎಸೆದವನ ಮಾತನ್ನು ಅವಳು ನಂಬುತ್ತಿಲ್ಲ.

ಇಂತಿ,
ನಲವತ್ತೊಂದನೇ ವಯಸ್ಸಿನಲ್ಲಿ ಮೂರನೇ ತರಗತಿಗೆ ಪ್ರಥಮ ಬಂದ
ದಯಾನಂದ, ಎಸ್ಟೇಟ್ ರೈಟರ್, ಬಾಳೂರು