ಮುತ್ತ್ಯಾನ ಕಲ್ಲಿಗೆ ಗಾಜು ಹಾಕಿಸಿದವರಿಗೆ

ಮಾನ್ಯ ವಸ್ತುಸಂಗ್ರಹಾಲಯ ಅಧಿಕಾರಿಗಳೇ,

ಈ ದೀಪಾವಳಿ ಪಾಡ್ಯದಂದು ಭಾಲ್ಕಿಯ ವಸ್ತುಸಂಗ್ರಹಾಲಯದ ಬಾಗಿಲಿನಿಂದ ನಿಮ್ಮ ಕಾವಲುಗಾರರು ಒಬ್ಬ ಹೆಂಗಸನ್ನೂ ಆಕೆಯ ಕುರಿಗಳನ್ನೂ ಹೊರದಬ್ಬಿದರು. ನೀವು ಒಳಗೆ ಚಹಾ ಕುಡಿಯುತ್ತಿದ್ದಿರಿ. ನನಗೆ ಸಿಟ್ಟು ಬಂದಿದೆ, ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನೀವು ಹೊಸಬರು, ಹಾಗಾಗಿ ಹಳೆಯದನ್ನು ಹೇಳಬೇಕಾಗಿದೆ. ಈ ಸಂಗ್ರಹಾಲಯವನ್ನು ಕಟ್ಟಿದ್ದು ಸರ್ಕಾರವಲ್ಲ, ನಮ್ಮ ಪ್ರಾಚ್ಯವಸ್ತು ಸಂಘ. ಅದರ ಜೀವ ಉರ್ದು ಶಾಲೆಯ ಗುಲಾಮ ರಸೂಲ ಮಾಸ್ತರರು. ಎಲ್ಲೋ ಹಳೆಯ ಕಲ್ಲಿದೆ ಎಂದು ಕೇಳಿದರೆ ಸಾಕು, ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಡುತ್ತಿದ್ದರು. ಕಲ್ಲು ಮುಟ್ಟುವ ಮೊದಲು ಮನೆಯವರಿಗೆ ಮಾತು ಕೊಡುತ್ತಿದ್ದರು: "ನಮ್ಮ ಹಂತ್ಯಾಕ ಇದ್ರೂ ಕಲ್ಲು ನಿಮ್ದೇ. ವರ್ಷಕ್ಕೊಮ್ಮೆ ಬರ್ರಿ, ನಿಮ್ಮ ಪದ್ಧತಿ ಪ್ರಕಾರ ಪೂಜಿ ಮಾಡ್ರಿ. ಬಾಗ್ಲಾ ತೆರದೇ ಇರ್ತದ." ಆ ಒಂದು ಮಾತಿನಿಂದಲೇ ಸಂಗ್ರಹಾಲಯ ತುಂಬಿತು. ಮಾಸ್ತರರು ತೀರಿಕೊಂಡ ಮೇಲೂ ನಾವು ಮಾತು ತಪ್ಪಲಿಲ್ಲ. ಪಾಡ್ಯದ ದಿನ ಕುರಿಗಾಹಿ ಮನೆತನಗಳು ಮಂದೆಯೊಡನೆ ಪೂಜೆಗೆ ಬರುತ್ತಿದ್ದವು, ಅಂಗಳದ ತುಂಬ ಕುರಿ. ಮರುದಿನ ಹಿಕ್ಕೆ ಗುಡಿಸುತ್ತಿದ್ದವರು ನಾವೇ, ಸಂಘದಲ್ಲಿದ್ದ ವಕೀಲರೂ ಸೇರಿ!

ಮಾಳಿಗೆ ಸೋರತೊಡಗಿದಾಗ ಕಟ್ಟಡವನ್ನು ಸರ್ಕಾರಕ್ಕೆ ಒಪ್ಪಿಸಿದೆವು. ಈ ಪದ್ಧತಿಯನ್ನೂ ಬಿಡಿಸಿ ಹೇಳಿದೆವು. ನಿಮ್ಮ ಕಚೇರಿ ತಲೆಯಾಡಿಸಿತು. ಯಾವ ತಲೆ ಅದು? ಈಗ ಎಲ್ಲಿಗೆ ವರ್ಗವಾಗಿದೆ?

ಸಾಯಗಾಂವದ ಗಂಗುಬಾಯಿಯ ಮನೆತನ ಕೊಟ್ಟದ್ದು ಒಂದು ವೀರಗಲ್ಲು. ಕುರಿಮಂದೆ ಉಳಿಸಲು ತೋಳದೊಡನೆ ಕಾದಾಡಿ ಸತ್ತ ಅವರ ಹಿರಿಯನ, ಅವರ ಬಾಯಲ್ಲಿ ಮುತ್ತ್ಯಾನ, ಕಲ್ಲು. ಈ ಸಲವೂ ಆಕೆ ಬೆಣ್ಣೆ ತಂದಿದ್ದಳು. ಬೆಣ್ಣೆ ಹಚ್ಚಿದರೆ ಕಲ್ಲು ಕೆಡುತ್ತದೆ ಎಂದರು ನಿಮ್ಮವರು. "ನಮ್ ಮುತ್ತ್ಯಾ ಅದಾನ್ರಿ ಒಳಗ. ಮುತ್ತ್ಯಾಗ ಬೆಣ್ಣಿ ಹಚ್ಚಲಾಕ ಯಾರನ್ ಕೇಳ್ಬೇಕ್ರಿ?" ಎಂದಳು ಗಂಗುಬಾಯಿ. ನಿಮ್ಮವರು ಆಕೆಯನ್ನೂ ಕುರಿಗಳನ್ನೂ ಗೇಟಿನ ಹೊರಗೆ ದಬ್ಬಿದರು. ತಂದ ಬೆಣ್ಣೆಯನ್ನು ನಿಮ್ಮ ಗೇಟಿನ ಕಂಬಕ್ಕೆ ಹಚ್ಚಿ, ಹಣೆ ತಾಗಿಸಿ, ಕುರಿ ಹೊಡೆದುಕೊಂಡು ಹೋದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಆಕೆ ನನ್ನ ಮುಖ ನೋಡಲಿಲ್ಲ.

ಆಮೇಲೆ ಒಳಗೆ ಹೋಗಿ ನೋಡಿದೆ. ಕಲ್ಲಿನ ಸುತ್ತ ಗಾಜಿನ ಪೆಟ್ಟಿಗೆ, ಅದರ ಮೇಲೆ ನಿಮ್ಮ ಹೊಸ ಫಲಕ: "ವೀರಗಲ್ಲು. ದೊರೆತ ಸ್ಥಳ: ಅಜ್ಞಾತ." ಅಜ್ಞಾತವೇ, ಸ್ವಾಮಿ? ಆ ಸ್ಥಳದವಳು ನಿಮ್ಮ ಗೇಟಿನಲ್ಲೇ ನಿಂತಿದ್ದಳಲ್ಲ! ಕೇಳಿದ್ದರೆ ಆ ಹಿರಿಯನ ಹೆಂಡತಿಯ ಹೆಸರನ್ನೂ ಹೇಳುತ್ತಿದ್ದಳು.

ಆ ಫಲಕ ಕಿತ್ತು ಸಾಯಗಾಂವದ ಹೆಸರು ಬರೆಯಿಸಿ. ಬರುವ ಪಾಡ್ಯಕ್ಕೆ ಗಾಜು ತೆಗೆದು ಬಾಗಿಲು ತೆರೆಯಿರಿ. ಆಗದಿದ್ದರೆ ಕಲ್ಲನ್ನು ಅವರ ಹಟ್ಟಿಗೆ ಮರಳಿಸಿ. ಅಂದು ಮಾಸ್ತರರೊಡನೆ ಹೋಗಿ ಮುತ್ತ್ಯಾನನ್ನು ಕರೆದುಕೊಂಡು ಬಂದವನು ನಾನು, ಬಿಟ್ಟುಬರಲು ನಾನೇ ಹೋಗುತ್ತೇನೆ.

ಇನ್ನೊಂದು ಸಂಗತಿ. ಔರಾದ ಕಡೆಯ ಧೊಂಡಿಬಾ ಎಂಬ ರೈತನಿಗೆ ಹೊಲ ಉಳುವಾಗ ಅಕ್ಷರ ಕೆತ್ತಿದ ಕಲ್ಲು ಸಿಕ್ಕಿತ್ತು. ನಮಗೇ ಕೊಡುತ್ತೇನೆ ಎಂದಿದ್ದ. ಗೇಟಿನ ಸುದ್ದಿ ಕೇಳಿದ ಮೇಲೆ ಫೋನು ಮಾಡಿದ: "ತಿರುಗಿ ಮಣ್ಣು ಮುಚ್ಚೀನ್ರಿ ಸಾಹೇಬ್ರ. ಅಲ್ಲೇ ಇರ್ಲಿ." ಆ ಹೊಲ ಯಾವುದೆಂದು ನನಗೆ ಗೊತ್ತು. ನಿಮಗೆ ಹೇಳುವುದಿಲ್ಲ. ನಿಮ್ಮ ಫಲಕದಲ್ಲಿ ಅದಕ್ಕೂ ಒಂದು ಅಜ್ಞಾತ ಬರೆದುಕೊಳ್ಳಿ.

ಇಂತಿ,
ಊರೂರಿಗೆ ಮಾತು ಕೊಟ್ಟು, ಈಗ ಸಾಯಗಾಂವದ ದಾರಿ ತಪ್ಪಿಸಿ ಓಡಾಡುತ್ತಿರುವ
ಅಶೋಕಕುಮಾರ,
ಸಂಘದ ಹಿಂದಿನ ಕಾರ್ಯದರ್ಶಿ, ಭಾಲ್ಕಿ