ಠಾಣಾ ಕುಶನೂರದ ಖೂನಿ ಕೇಸು

ಔರಾದ. ತೀರ್ ೪, ಫಸಲಿ ೧೩೩೦. ಇಂಗ್ರೇಜಿ ಮೇ ೯, ೧೯೨೧.

ಶಾಯಿ ಮತ್ತೆ ಒಣಗಿದೆ. ಎಂಥ ಬಿಸಿಲು. ಮಳೆಯಿಲ್ಲದೆ ಅರ್ಧ ತಾಲೂಕು ಮುಂಬಯಿ ಗಿರಣಿಗಳಿಗೆ ಹೋಗಿದೆ. ಪೊಲೀಸ್ ಚೌಕಿಯಲ್ಲಿ ಮಾತ್ರ ಭರ್ಜರಿ ಕೆಲಸ — ಖೂನಿ ಕೇಸು. ಠಾಣಾ ಕುಶನೂರದ ಪಂಢರಿ ಕಾಣೆ. ಬಾವಿ ನೀರಿಗಾಗಿ ಅವನೊಡನೆ ಜಗಳಾಡಿದ್ದ ಭಾವ ಮಾಣಿಕನ ಅಂಗಳದಲ್ಲಿ ರಕ್ತ. ನೆರೆಮನೆಯ ಸುಭದ್ರಾಬಾಯಿ ಸಾಕ್ಷಿ ಹೇಳಿದಳು, ಬಾಯಿತುಂಬ ತಂಬಾಕು — ಮಾಣಿಕ ಕೊಡಲಿ ತಗೊಂಡು ಹೋದ, ಕಡಿದ, ಪಂಢರಿ ಹೋದ. ಚೌಕಿಯ ಮುನ್ಶಿ ನಾನು, ಕನ್ನಡದಲ್ಲಿ ಬರೆದುಕೊಂಡು ಉರ್ದುವಿಗೆ ಇಳಿಸಿದೆ: ಪಂಢರಿ ಗುಜರ್ ಗಯಾ. ಸತ್ತ, ಅಂದರೆ. ಚೌಕಿಯ ಮುಖ್ಯಸ್ಥರು, ಅಮೀನ ಶರಫೋದ್ದೀನ ಸಾಹೇಬರು, ಬೆನ್ನು ತಟ್ಟಿದರು. ಕಡಿದದ್ದು ನೀನೇನಾ ಎಂದಾಗ ಮಾಣಿಕನೂ ಒಪ್ಪಿಕೊಂಡು ಹೆಬ್ಬಟ್ಟು ಒತ್ತಿದ: "ಹೌದ್ರಿ, ನಾನೇ ಕಡದೀನಿ."

ತೀರ್ ೯.

ಮಾಣಿಕನನ್ನು ಬೀದರ ಜೇಲಿಗೆ ಕಳಿಸಿದರು. ಗಲ್ಲು ಖಾಯಂ ಅನ್ನುತ್ತಾರೆ. ಹೆಣ ಸಿಕ್ಕಿಲ್ಲ. ನಾಳೆ ನಾನೇ ಕುಶನೂರಿಗೆ.

ತೀರ್ ೧೦, ಸಂಜೆ.

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಸುಭದ್ರಾಬಾಯಿಗೆ ಕೇಳಿದೆ: "ಕಡದದ್ದು ಎಲ್ಲಿ ಹೂತಾನವ್ವಾ?"

"ಹೂಳೋದ್ಯಾಕ್ರಿ? ಎಲ್ಲಾರೂ ಕೂಡಿ ತಿಂದೀವ್ರಿ."

ಮತ್ತೆ ಕೇಳಿದೆ: "ಪಂಢರಿನ್ನಾ?"

"ಅಯ್ಯ, ಏನಂತೀರಿ ಬಕ್ಕಪ್ಪನೋರೆ. ಹೋತರಿ, ಹೋತ. ಮೇವಿಲ್ಲಂತ ಮಾಣಿಕ ಹೋತ ಕಡದ. ಪಂಢರಿಗಿ ಉಣಿಸಿದ, ಜಗಳ ಮುಗೀತು. ಪಂಢರಿ ಭಾಲ್ಕಿ ದಾರಿ ಹಿಡದು ಮುಂಬೈಗಿ ಹೋದ. ಹಂಗೇ ಹೇಳೀನಲ್ರಿ."

ಹೇಳಿದ್ದಳು. ತಂಬಾಕಿನ ಬಾಯಿಯ 'ಹೋತ' ನನ್ನ ಕಿವಿಯಲ್ಲಿ 'ಹೋದ' ಆಗಿತ್ತು. ಮಾಣಿಕ ಒಪ್ಪಿಕೊಂಡದ್ದೂ ಹೋತ ಕಡಿದದ್ದನ್ನೇ. ಒಂದು ಆಡಿಗೆ ಒಬ್ಬ ಮನುಷ್ಯನ ಕುತ್ತಿಗೆ. ಸಾಹೇಬರಿಗೆ ಹೇಳಿದರೆ ನೌಕರಿ ಹೋಗುತ್ತದೆ. ಹೇಳದಿದ್ದರೆ ಮಾಣಿಕ... ಭಯವಾಗುತ್ತಿದೆ.

ತೀರ್ ೧೧.

ಹೇಳಿದೆ. ಸಾಹೇಬರು ಬೈದರು, ಹೊಟ್ಟೆ ಹಿಡಿದು ನಕ್ಕರು, ಮತ್ತೆ ಬೈದರು. ಮುಂಬಯಿಗೆ ತಾರು ಹೋಯಿತು.

ಬೀದರ. ಅಮರ್‌ದಾದ್ ೨, ಇಂಗ್ರೇಜಿ ಜೂನ್ ತಿಂಗಳು.

ಪಂಢರಿಯನ್ನೇ ಕೋರ್ಟಿಗೆ ತಂದು ನಿಲ್ಲಿಸಿದೆವು. ಸತ್ತವನು ನೀನೇನಾ ಎಂದರು ಹಾಕಿಮರು.

"ಇಲ್ರಿ ಹುಜೂರ, ಗಿರಣ್ಯಾಗಿದ್ದೆ."

ಕೋರ್ಟೆಲ್ಲ ನಗು. ಮಾಣಿಕ ಬಿಡುಗಡೆ. ನನ್ನ ನೌಕರಿ ಉಳಿಯಿತು, ಮರ್ಯಾದೆ ಅಷ್ಟಕ್ಕಷ್ಟೆ.

ಔರಾದ. ಅಮರ್‌ದಾದ್ ೬.

ಮಾಣಿಕ ಚೌಕಿಗೇ ಬಂದ. ಕಾಲಿಗೆ ಬೀಳಹೋದೆ, ರಟ್ಟೆ ಹಿಡಿದು ಎತ್ತಿದ.

"ನಿಮ್ಮ ಒಂದು ಅಕ್ಷರದ ಸಲುವಾಗಿ ತಿಂಗಳೊಪ್ಪತ್ತು ಜೇಲಿನಾಗ ಕುಂತೀನ್ರಿ ಮುನ್ಶೀಜಿ. ಈಗ ನನಗ ಓದ್ಲಾಕ ಕಲಸ್ರಿ. ಇನ್ಮ್ಯಾಲ ನೀವು ಬರದದ್ದು ಓದೇ ಹೆಬ್ಬಟ್ಟು ಒತ್ತತೀನಿ."

ಅ, ಆ ಇಂದ ಶುರು ಮಾಡೋಣ ಎಂದೆ. ಬೇಡವಂತೆ. ಮೊದಲು 'ತ' ಬೇಕಂತೆ, ಆಮೇಲೆ 'ದ'.

ಬರೆದುಕೊಟ್ಟೆ. ಪಾಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾನೆ. ನನ್ನ 'ತ' ಸರಿಯಿಲ್ಲ, 'ದ' ಇದ್ದಹಾಗಿದೆ ಅನ್ನುತ್ತಾನೆ, ಈ ಪುಣ್ಯಾತ್ಮ.