ಅಪ್ಪನಿಗೆ ಕೊಡಲಾಗದ ರಕ್ತ

ಪ್ರೀತಿಯ ಅಕ್ಕನಿಗೆ,

ಗುರುವಾರ ಅಪ್ಪನ ಆಪರೇಷನ್ನಿಗೆ ರಕ್ತ ಕೊಡುವವರ ಪಟ್ಟಿಯಿಂದ ನನ್ನ ಹೆಸರು ತೆಗೆಸು. ಕಾಮಾಲೆ ಆಗಿತ್ತು ಎಂದು ಬರೆಯಲು ಹೊರಟು ಎರಡು ಹಾಳೆ ಹರಿದೆ. ನಿನಗೆ ಸುಳ್ಳು ಬರೆಯಲು ಕೈಯೇ ಓಡಲಿಲ್ಲ.

ಕಳೆದ ತಿಂಗಳು ಲಿಫ್ಟ್ ರಿಪೇರಿಗೆಂದು ಬೇರೆ ಊರಿಗೆ ಹೋಗಿದ್ದೆನಲ್ಲ, ಅಲ್ಲಿ ಪರಿಚಯವಾದ ಒಬ್ಬಳ ಜೊತೆ ಮಲಗಿದೆ. ಕಾಂಡೋಮ್ ಬಳಸಲಿಲ್ಲ. ಅಂದಿನಿಂದ ಗಂಟಲು ಕೆರೆದರೂ ಎಚ್‌ಐವಿಯೇ ಇರಬೇಕು ಅನ್ನಿಸುತ್ತದೆ. ಕೆಲಸದಲ್ಲಿ ಒಂದೇ ಬೋಲ್ಟನ್ನು ಮೂರು ಮೂರು ಸಲ ಬಿಗಿ ಮಾಡುತ್ತೇನೆ.

ಪರೀಕ್ಷೆ ಮಾಡಿಸಿದೆ. "ಈಗೇನೂ ಕಾಣ್ತಿಲ್ಲ. ಆದ್ರೆ ಇಷ್ಟು ಬೇಗ ಖಚಿತವಾಗಿ ಹೇಳೋಕಾಗಲ್ಲ, ಎರಡು ತಿಂಗಳು ಬಿಟ್ಟು ಮತ್ತೆ ಬನ್ನಿ. ಸದ್ಯಕ್ಕೆ ಯಾರಿಗೂ ರಕ್ತ ಕೊಡ್ಬೇಡಿ" ಎಂದರು ಡಾಕ್ಟರಮ್ಮ. ಬೈಯಲಿಲ್ಲ. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತೇನೋ.

ನನ್ನ ಬದಲು ಜೊತೆ ಕೆಲಸದವರಿಬ್ಬರು ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಗೆ ಬರುತ್ತಾರೆ. ಮರೆಯದೆ ಅವರಿಗೆ ತಿಂಡಿ ಕೊಡಿಸು.

"ನಿನ್ನ ರಕ್ತ ಮೈ ಸೇರಿದ್ರೆ ನಾನು ಮತ್ತೆ ಇಪ್ಪತ್ತರ ಹುಡುಗ ಆಗ್ತೀನಿ ಕಣೋ" ಎಂದು ಅಪ್ಪ ಮೊನ್ನೆ ಫೋನಿನಲ್ಲಿ ನಗುತ್ತಿದ್ದರು. ನಾನು ಸೂಜಿಗೆ ಹೆದರಿ ಬರಲಿಲ್ಲ ಎಂದು ಅವರಿಗೆ ಹೇಳು. ಪುಕ್ಕಲ ಎಂದು ಬೈಯಲಿ. ಅದೇನೂ ಪೂರ್ತಿ ಸುಳ್ಳಲ್ಲ.

ನಿನ್ನ ತಮ್ಮ